ಗೋಡೆಯಾಚೆಯ ಪಾಲು

ಮತ್ತೆ ನಿಧಾನವಾಯಿತು, ಮೋಡೆಮಿನ ಕೆಂಪು ದೀಪ ಮಿಣುಕಿತು, ನಿಂತಿತು, ಮಿಣುಕಿತು — ಹಾಗಾದರೆ ಗೋಡೆಯಾಚೆ ಓರಗಿತ್ತಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ, ಹಿರಿಸೊಸೆಗೆ ಅದನ್ನು ಯಾರೂ ಹೇಳಬೇಕಾಗಿಲ್ಲ, ಮಾತು ಬಿಟ್ಟವಳ ಇರವನ್ನು ಈ ನಿಧಾನವೇ ಹೇಳುತ್ತದೆ, ಮುದ್ರಣಾಲಯಕ್ಕೆ ಇವತ್ತೇ ಬೇಕಾದ ಫೈಲು ಮುಕ್ಕಾಲು ಇಳಿದಿದೆ, ಉಳಿದದ್ದು ಬಸವನಹುಳುವಿನಂತೆ ತೆವಳುತ್ತಿದೆ, ಮಾಲೀಕರು ಗೊಣಗುತ್ತಾರೆ, ಅವರು ಗೊಣಗದ ದಿನ ಯಾವುದು, ಮೆಟ್ಟಿಲ ಕೆಳಗೆ ಗುಂಯ್‌ಗುಡುವ ಆ ಹಳೆಯ ಕಂಪ್ಯೂಟರು, ಗುಜರಿಗೆ ಹೋಗಬೇಕಾದದ್ದು, ಅದಕ್ಕೆ ಲಿನಕ್ಸ್ ತಂತ್ರಾಂಶ ಹಾಕಿ ಒಂದೇ ಫೋನಿನ ಲೈನನ್ನು ಎರಡು ಮನೆಗೆ ಹಂಚಿದವಳು ತಾನೇ, ಮನೆ ಪಾಲಾದ ಮೇಲೆ ಗೋಡೆಗೆ ತೂತು ಕೊರೆದು ತಂತಿ ಎಳೆದ ಮೈದುನ ನಕ್ಕಿದ್ದ, ಎರಡು ಜಡೆ ಕೂಡೋದಿಲ್ಲ ಅಂತಾರೆ ಅತ್ತಿಗೆ, ತಂತಿಯಾದರೂ ಕೂಡಲಿ — ಮನೆ ಒಂದೇ ಇದ್ದಾಗ ಜಗಳ ಹುಟ್ಟಿದ್ದೂ ಇದೇ ಲೈನಿನಿಂದ, ಇಂಟರ್ನೆಟ್ಟು ನಡೆಯುತ್ತಿರುವಾಗ ಅವಳು ರಿಸೀವರ್ ಎತ್ತಿದ್ದಳು, ಸಂಪರ್ಕ ಕಡಿದಿತ್ತು, ತವರಿಗೆ ಫೋನು ಮಾಡೋಕೆ ಹೊತ್ತುಗೊತ್ತು ಇಲ್ವಾ, ನಿಮ್ಮ ಗಂಟೇನು ಹೋಯ್ತಕ್ಕ, ಹೋಯ್ತಲ್ಲ, ಬೆಳಗಿಂದ ಇಳಿದಿದ್ದೆಲ್ಲ ಹೋಯ್ತಲ್ಲ, ಕಡ್ಡಿ ಗುಡ್ಡವಾಯಿತು, ಒಲೆ ಎರಡಾಯಿತು, ನಡುವೆ ಗೋಡೆ ಎದ್ದಿತು, ಕೆಂಪು ದೀಪ ಮಿಣುಕುತ್ತಿದೆ, ಇಲ್ಲಿಂದ ಒಂದು ಸಾಲು ಟೈಪು ಮಾಡಿದರೆ ಸಾಕು, ಆಚೆಯ ಪಾಲು ನಿಲ್ಲುತ್ತದೆ, ತನ್ನ ಫೈಲು ಓಡುತ್ತದೆ, ಕೇಳಿದರೆ ಲೈನು ಕಟ್ಟಾಯಿತು ಅಂದರಾಯಿತು, ಕಟ್ಟಾಗದ ದಿನ ಉಂಟೆ, ಬೆರಳುಗಳು ಆಗಲೇ ಅರ್ಧ ಸಾಲು ಮೂಡಿಸಿವೆ — ತಂತಿಯ ತೂತಿನಿಂದ ದನಿ, ಅಕ್ಕಾ, ಇದೀರಾ, ಗೋಡೆ ಎದ್ದ ಮೇಲೆ ಇದೇ ಮೊದಲು, ಅನುವಾದದ ಕೆಲಸಕ್ಕೆ ನನ್ನ ಮಾದರಿ ಕಳಿಸ್ತಾ ಇದೀನಿ, ಸಂಜೆಯೊಳಗೆ ತಲುಪದಿದ್ರೆ ಅವರು ನೋಡೋದಿಲ್ವಂತೆ, ಲೈನು ಕಟ್ಟಾಗದ ಹಾಗೆ ನೋಡ್ಕೊಳ್ತೀರಾ — ಬೇಡುವುದು ಅವಳ ಜಾಯಮಾನವಲ್ಲ, ಎಷ್ಟು ದಿನದಿಂದ ಬರೆದಿರಬಹುದು, ಆ ನಿಧಾನವನ್ನೆಲ್ಲ ತಾನು ಕಾಲಹರಣವೆಂದು ಬಗೆದಿದ್ದಳು, ಹಿರಿಸೊಸೆ ಅರ್ಧ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಾಳೆ, ತನ್ನ ಫೈಲನ್ನೇ ನಿಲ್ಲಿಸುತ್ತಾಳೆ, ಮುಕ್ಕಾಲು ಇಳಿದದ್ದು, ಹೋಗಲಿ, ನಾಳೆ ಇಳಿದೀತು, ಗಂಡನಾಗಲಿ ಮಗಳಾಗಲಿ ರಿಸೀವರಿಗೆ ಕೈ ಹಾಕದಂತೆ ಫೋನನ್ನೇ ಮಡಿಲಲ್ಲಿ ಇಟ್ಟುಕೊಂಡು ತೂತಿಗೆ ಬಾಯಿ ಹಚ್ಚುತ್ತಾಳೆ, ಕಳಿಸು ಕಣೇ, ಲೈನು ಪೂರಾ ನಿಂದೇ, ಆಚೆ ಮೂಗೆಳೆದ ಸದ್ದು, ಆಮೇಲೆ ನಗುವೋ ಏನೋ, ಈ ಸಲ ನಾನು ಫೋನು ಎತ್ತೋದಿಲ್ಲಕ್ಕ, ಆಣೆ — ಈಗ ಮಿಣುಕುವುದೆಲ್ಲ ಅವಳದೇ, ಹೋಗು ತಾಯಿ, ಹೋಗು, ಕೆಂಪು ದೀಪ, ನಿಂತಿತು, ಉಸಿರೂ ನಿಂತಿತು, ಕೆಂಪು ದೀಪ — ಮಿಣುಕಿತು.