ನಲವತ್ತು ಪದಗಳ ಉತ್ತರ

ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅಲ್ಪವಿರಾಮ ಎಂದು. ಒಂದು ಲೋಟ ನೀರು ಬೇಕೆ ಎಂದು ಕೇಳಿದರೂ ಅರೆಗಳಿಗೆ ನಿಂತು ಹಿಂದುಮುಂದು ನೋಡಿಯೇ ಉತ್ತರಿಸುವ ಸ್ವಭಾವ. ಕಪಾಟಿನಲ್ಲಿಟ್ಟ ವಸ್ತುಗಳ ಪಕ್ಕ ಅಂಟಿಸುವ ವಿವರಣೆಯ ಫಲಕಗಳನ್ನು ಬರೆಯುವುದು ಅವಳ ಕೆಲಸ. ಈ ಸಲದ ಪ್ರದರ್ಶನದ ವಿಷಯ, ಮೂರು ಸಾವಿರ ವರ್ಷಗಳ ಪ್ರೀತಿ ಮತ್ತು ಮದುವೆ. ಎರಡು ಮನೆತನಗಳು ಮುದ್ರೆಯೊತ್ತಿದ ಮಣ್ಣಿನ ಹಲಗೆ, ನಾವಿಕನೊಬ್ಬ ತನ್ನ ಹುಡುಗಿಗೆಂದು ಕೆತ್ತಿದ ಮರದ ಚಮಚ, ಪರದೇಶದ ಸೊಸೆಗೆ ಅತ್ತೆ ಹೊಲಿದ ಹೊದಿಕೆ. ಅಷ್ಟಕ್ಕೂ ಅವಳು ಬರೆದು ಮುಗಿಸಿದ್ದಳು. ಬರೆಯಲಾಗದೆ ಉಳಿದದ್ದು ತನ್ನದೇ ಒಂದು ಉತ್ತರ.

ಕೇಳಿದವನು ಬಡಗಿ. ಕಡಲಾಚೆಯಿಂದ ಬಂದು ಮೂರು ವರ್ಷದಿಂದ ಇಲ್ಲಿ ಕಪಾಟು, ಪೀಠಗಳನ್ನು ಮಾಡಿಕೊಂಡಿದ್ದವನು. ಹತ್ತು ದಿನದ ಹಿಂದೆ ಮೊಳೆ ಹೊಡೆಯುತ್ತಲೇ ಕೇಳಿದ್ದ. "ನಾವಿಬ್ರೂ ಮದ್ವೆ ಆಗೋಣ್ವಾ? ಹೂಂ ಅಂದ್ರೆ ಇಲ್ಲಿ ಕೆಲಸದ ಕರಾರು ಮುಂದುವರಿಸ್ತೀನಿ. ಇಲ್ಲ ಅಂದ್ರೆ ಬರೋ ವಾರದ ಶನಿವಾರ ಊರಿಗೆ ಹೊರಡ್ತೀನಿ. ಕೋಪ ಏನಿಲ್ಲ, ಇಲ್ಲಿದ್ದು ದಿನಾ ನಿಮ್ಮುಖ ನೋಡೋಕಾಗಲ್ಲ ಅಷ್ಟೆ."

"ಯೋಚಿಸಿ ಹೇಳ್ತೀನಿ" ಎಂದಿದ್ದಳು. ಇವತ್ತು ಶುಕ್ರವಾರ.

ಅವರ ಕೆಲಸದಲ್ಲೊಂದು ಪದ್ಧತಿಯಿತ್ತು. ನಿಜವಾದ ಫಲಕ ಅಚ್ಚಾಗುವ ಮೊದಲು ಅಷ್ಟೇ ಉದ್ದದ, ಅಂದರೆ ಸರಿಯಾಗಿ ನಲವತ್ತು ಪದಗಳ, ಏನೋ ಒಂದನ್ನು ಬರೆದು ಅಂಟಿಸಿ ಎತ್ತರ, ಬೆಳಕು ನೋಡುವುದು. ಅವಳು ಅದರಲ್ಲಿ ತಲೆಗೆ ಬಂದದ್ದನ್ನೆಲ್ಲ ಬರೆಯುತ್ತಿದ್ದಳು: ಬಸ್ಸಿನಲ್ಲಿ ಕಾಲು ತುಳಿದ ಮಹಾಶಯ, ಒಣಗದ ಬಟ್ಟೆ, ಅತ್ತಿಗೆಯ ಕೊಂಕು. ಅಂಟಿಸುವವನು ಬಡಗಿ. ಅವನಿಗೆ ಇಲ್ಲಿಯ ಮಾತು ಚೆನ್ನಾಗಿ ಬರುತ್ತಿತ್ತು; ಅಕ್ಷರ ಬರುವುದಿಲ್ಲವೆಂದು ಬಂದ ಹೊಸದರಲ್ಲಿ ಅವನೇ ಹೇಳಿದ್ದ. ಆ ಧೈರ್ಯದ ಮೇಲೆಯೇ ಇವತ್ತು ಕೊನೆಯ ಕಪಾಟಿಗೆ ತನ್ನ ಉತ್ತರದ ಕರಡನ್ನೇ ಅಚ್ಚು ಹಾಕಿ ಕೊಟ್ಟಿದ್ದಳು. ದೊಡ್ಡದಾಗಿ ಗೋಡೆಯ ಮೇಲೆ ಕಂಡರೆ ಮನಸ್ಸು ತಿಳಿಯಾದೀತು ಎಂಬ ಆಸೆ.

"ನೀವು ಕೇಳಿದ್ದನ್ನು ಹತ್ತು ದಿನದಿಂದ ಯೋಚಿಸುತ್ತಿದ್ದೇನೆ. ನಮ್ಮ ಭಾಷೆ ಬೇರೆ, ಊಟ ಬೇರೆ, ದೇವರು ಬೇರೆ. ನಿಮ್ಮ ತಾಯಿಗೆ ನಾನು ಹಿಡಿಸದೆ ಹೋಗಬಹುದು. ನನ್ನ ಅಣ್ಣ ಮಾತು ಬಿಡಬಹುದು. ಮುಂದೊಂದು ದಿನ ಇಬ್ಬರೂ ಪಶ್ಚಾತ್ತಾಪ ಪಡಬಹುದು. ನೀವು ಕೋಣೆಗೆ ಬಂದರೆ ನನ್ನ ಭಯ ಅರ್ಧಕ್ಕಿಳಿಯುತ್ತದೆ. ನಿಮ್ಮನ್ನು ಮದುವೆಯಾಗಲು ನನಗೆ ಇಷ್ಟವಿದೆ. ಆದರೆ ಧೈರ್ಯ ಸಾಲದೆ ಹೋಗಬಹುದು."

ಮಧ್ಯಾಹ್ನ ಬರಬೇಕಿದ್ದ ದೊಡ್ಡಕ್ಕ ಬೆಳಿಗ್ಗೆಯೇ ಬಂದುಬಿಟ್ಟರು. ದೊಡ್ಡಕ್ಕ ಎಂದರೆ ಇಡೀ ಪ್ರದರ್ಶನದ ಮೇಲ್ವಿಚಾರಕಿ. ಕೆಂಪು ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿಕೊಂಡೇ ಓಡಾಡುವವರು. ನೇರವಾಗಿ ಕೊನೆಯ ಕಪಾಟಿಗೆ ಹೋಗಿ, ಕನ್ನಡಕ ಏರಿಸಿ ನಿಂತರು. ಅವಳು ಹಿಂದೆಯೇ ಓಡಿದಳು.

"ಅದು ಬರೀ ಅಳತೆಗೆ, ದೊಡ್ಡಕ್ಕ. ಕಿತ್ತುಬಿಡ್ತೀನಿ."

"ಗೋಡೆ ಮೇಲಿದ್ದದ್ದನ್ನ ತಿದ್ದದೆ ಬಿಟ್ಟಿದ್ದೀನಾ ನಾನು? ರೀ ಬಡಗಿಗಳೇ, ಆ ದೀಪ ಸ್ವಲ್ಪ ಈ ಕಡೆ ಹಿಡೀರಿ."

ಬಡಗಿ ದೀಪ ಹಿಡಿದ. ದೊಡ್ಡಕ್ಕ ಮುಡಿಯಿಂದ ಪೆನ್ಸಿಲ್ ತೆಗೆದರು.

"ಎಷ್ಟು ಸಲ ಬಡಕೊಂಡಿದ್ದೀನಿ, ಊಹೆ ಬರೀಬೇಡ ಅಂತ? ಯಾರದೋ ತಾಯಿಗೆ ಹಿಡಿಸುತ್ತೋ ಇಲ್ವೋ, ನಿನ್ಹತ್ರ ಆಧಾರ ಇದೆಯಾ?"

"ಇಲ್ಲ."

ಒಂದು ಗೀಟು. "ಅಣ್ಣಂದು?"

"ಅದೂ... ಗೊತ್ತಿಲ್ಲ."

ಇನ್ನೊಂದು ಗೀಟು. ಪಶ್ಚಾತ್ತಾಪ ಹೋಯಿತು, ಸಾಲದ ಧೈರ್ಯವೂ ಹೋಯಿತು. "ಹತ್ತು ದಿನ ಯೋಚಿಸ್ದೆ ಅನ್ನೋದು ನೋಡೋಕೆ ಬಂದವರಿಗೆ ಯಾಕಮ್ಮ? ಮುಖ್ಯವಾದದ್ದು ಮೊದಲು ಬರಬೇಕು. ಇಲ್ಲಿ ನೋಡು, ಬಾಲದಲ್ಲಿ ಬಚ್ಚಿಟ್ಟಿದ್ದೀಯ." ಬಾಣದ ಗುರುತೊಂದು ಕೆಳಗಿನಿಂದ ಮೇಲಕ್ಕೆ ಹೋಯಿತು. "ಭಾಷೆ ಬೇರೆ, ದೇವರು ಬೇರೆ, ಇದು ನಿಜ. ಇರಲಿ. ಈ ಕೋಣೆಯ ಅರ್ಧ ಸಾಮಾನು ಅಂಥವರದ್ದೇ."

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿ, ಪಕ್ಕದ ಕಪಾಟಿನ ಗಾಜನ್ನು ಸೆರಗಿನ ತುದಿಯಿಂದ ಒರೆಸುತ್ತ ನಿಂತರು, ಅಲ್ಲಿ ಧೂಳೇ ಇರದಿದ್ದರೂ.

ಆಗ ಬಡಗಿ ಫಲಕಕ್ಕೆ ಬೆರಳಿಟ್ಟ. ಮಗ್ಗಿ ಒಪ್ಪಿಸುವ ಹುಡುಗನಂತೆ ಒಂದೊಂದೇ ಅಕ್ಷರ ಕೂಡಿಸಿದ.

"ನಿ...ಮ್ಮ...ನ್ನು ಮದುವೆ...ಯಾಗಲು ನನಗೆ ಇಷ್ಟವಿದೆ. ನೀವು ಕೋಣೆಗೆ ಬಂದರೆ ನನ್ನ ಭಯ ಅರ್ಧಕ್ಕಿ... ಅರ್ಧಕ್ಕಿಳಿಯುತ್ತದೆ."

ಅವಳು ಗಕ್ಕನೆ ಅವನತ್ತ ತಿರುಗಿದಳು. "ನಿಮಗೆ ಓದೋಕೆ ಬರುತ್ತಾ?"

"ಒಂದು ವರ್ಷ ಆಯ್ತು. ನೀವು ಬರೆದಿದ್ದನ್ನೇ ನೋಡಿ ನೋಡಿ ಕಲಿತೆ. ಬಸ್ಸಲ್ಲಿ ಕಾಲು ತುಳಿದವನ ಮೇಲೆ ನಂಗೂ ಸಿಟ್ಟಿದೆ."

"ಹಾಗಿದ್ರೆ ಬೆಳಿಗ್ಗೆ ಅಂಟಿಸುವಾಗಲೇ..."

"ಓದಿದೆ. ಪಶ್ಚಾತ್ತಾಪ ಅನ್ನೋದೊಂದಕ್ಕೇ ಕಾಲು ಗಂಟೆ ಹಿಡೀತು. ಅಷ್ಟು ಕಷ್ಟದ ಪದ ನಮಗ್ಯಾಕೆ ಅಂದ್ಕೊಂಡೆ." ಅವನು ನಕ್ಕ, ದೀಪವನ್ನು ಫಲಕಕ್ಕೆ ಇನ್ನಷ್ಟು ಹತ್ತಿರ ಹಿಡಿದ. "ತಿದ್ದಿದ್ದು ದೊಡ್ಡಕ್ಕ. ಬರೆದವರು ನೀವು. ಈಗ ಉಳಿದಿರೋದು ನಿಮ್ಮ ಮಾತು ಹೌದೋ ಅಲ್ವೋ, ನೀವೇ ಹೇಳ್ಬೇಕು."

ಅಭ್ಯಾಸದಂತೆ ಅವಳು ನಿಂತಳು. ತಾಯಿ, ಅಣ್ಣ, ಮುಂದಿನ ವರ್ಷಗಳು, ಎಲ್ಲ ಕೆಂಪು ಗೀಟುಗಳ ಕೆಳಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. ಭಯವೇನೂ ಎಲ್ಲಿಗೂ ಹೋಗಿರಲಿಲ್ಲ. ಆದರೂ ಕೈಚಾಚಿ ದೊಡ್ಡಕ್ಕನ ಮುಡಿಯಿಂದ ಪೆನ್ಸಿಲ್ ಎಳೆದುಕೊಂಡಳು. ಅಣ್ಣನ ಸಾಲಿನ ಪಕ್ಕ ಹೊಸದಾಗಿ ಬರೆದಳು: ನನ್ನ ಅಣ್ಣ ಮಾತು ಬಿಡುತ್ತಾನೆ. ಆರು ತಿಂಗಳು.

"ಇದಕ್ಕೆ ಆಧಾರ ಇದೆ ದೊಡ್ಡಕ್ಕ. ಅತ್ತಿಗೇನ ಕೇಳಿ, ಅವರ ಹತ್ರ ಮಾತು ಬಿಟ್ಟಿದ್ದೂ ಅಷ್ಟೇ ದಿನ" ಎಂದಳು. ಆಮೇಲೆ ಬಡಗಿಯತ್ತ ತಿರುಗಿದಳು. "ಉಳಿದದ್ದೆಲ್ಲ ನನ್ನ ಮಾತೇ. ಹೂಂ. ಆಗೋಣ."

ಬಡಗಿ ದೀಪವನ್ನು ದೊಡ್ಡಕ್ಕನ ಕೈಗಿತ್ತು, ಕರಾರಿನ ಕಾಗದಕ್ಕೆ ಸಹಿ ಹಾಕಲು ಕಚೇರಿಯ ಕಡೆ ಓಡಿದ. ಮೆಟ್ಟಿಲಿನಿಂದ ಅವನ ಕೂಗು ಕೇಳಿಸಿತು, ಅವನದೇ ಭಾಷೆಯಲ್ಲಿ, ಉದ್ದಕ್ಕೆ, ಉಸಿರು ಬಿಡದೆ.

"ಏನಂತೆ?" ಎಂದರು ದೊಡ್ಡಕ್ಕ.

"ಗೊತ್ತಿಲ್ಲ" ಎಂದಳು ಅವಳು, ಈ ಸಲ ಒಂದು ಗಳಿಗೆಯೂ ನಿಲ್ಲದೆ. "ಕಲೀಬೇಕು."