ಮೂರು ಬೆರಳಿಗೊಂದು ಮೊಳೆ

ನನ್ನ ಅಂಗಡಿ ಹತ್ತು ಅಡಿ ಉದ್ದ, ದೋಣಿ ಹದಿನಾರು ಅಡಿ. ಕುರ್ಚಿಗೆ ಬೆತ್ತ ಹೆಣೆಯುವವಳಿಗೆ ಹತ್ತಡಿ ಧಾರಾಳವಾಯಿತು, ದೋಣಿ ರಿಪೇರಿಗೆ ಎಲ್ಲಿ ಸಾಲಬೇಕು? ಮನೆಯ ಹಜಾರದಲ್ಲಿಟ್ಟರೆ ಒಂದು ತುದಿ ಅಡುಗೆಮನೆಯಲ್ಲಿ, ಇನ್ನೊಂದು ಬೀದಿಯಲ್ಲಿ. ಹಾಗಾಗಿ ಅಣ್ಣನ ಶೆಡ್ಡಿಗೆ ಹೋದೆ. ಹೋಗಬಾರದಿತ್ತು.

ನಮ್ಮಪ್ಪ ಬಡಗಿ. ಇಬ್ಬರು ಹೆಗಲ ಮೇಲೆ ಹೊತ್ತು ನಡೆಯುವಷ್ಟು ಹಗುರವಾದ ಎರಡು ದೋಣಿ ಮಾಡಿದ್ದ. ಕೆಂಪು ಬಣ್ಣದ್ದು ಅಣ್ಣನಿಗೆ, ಹಸಿರು ನನಗೆ. ನಾವು ದೊಡ್ಡವರಾಗಿ ಸಂಸಾರಕ್ಕೆ ಬಿದ್ದ ಮೇಲೆ ಎರಡೂ ಮೂಲೆ ಸೇರಿ, ಅರ್ಧರ್ಧ ಕೊಳೆತವು. ಗಂಡ ತೀರಿಕೊಂಡು, ಮಕ್ಕಳು ಅವರವರ ಪಾಡಿಗೆ ಹೋದಾಗ ನನಗೆ ಐವತ್ತಾರು. ಆ ಹಸಿರು ದೋಣಿಯಲ್ಲಿ ಇನ್ನೊಮ್ಮೆ ನೀರಿಗಿಳಿಯಬೇಕು ಅನ್ನುವ ಹುಚ್ಚು ಹತ್ತಿತು. ಅದೊಂದು ಬಿಟ್ಟರೆ ನನ್ನದು ಅಂತ ಹೇಳಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

ಅಣ್ಣನದು ಲಾರಿ ರಿಪೇರಿಯ ಉದ್ದನೆಯ ಶೆಡ್ಡು. ಒಂದು ದೋಣಿಗಷ್ಟೇ ಜಾಗ ಕೊಡಬಲ್ಲೆ, ಮೊದಲು ನನ್ನದು ಆಗಲಿ, ಆಮೇಲೆ ನಿನ್ನದು ಎಂದ. ಅಲ್ಲಿಯವರೆಗೆ ಹಸಿರು ದೋಣಿ ಅವನ ಸ್ನೇಹಿತನ ಗೋದಾಮಿನಲ್ಲಿ ಇರುತ್ತದೆ. ಅಣ್ಣನಿಗೆ ನಟ್ಟು ಬೋಲ್ಟು ಗೊತ್ತು, ಮರ ಗೊತ್ತಿಲ್ಲ. ಅಪ್ಪನ ಹಿಂದೆ ಮುಂದೆ ಸುತ್ತಿ ಕೆಲಸ ಕಲಿತವಳು ನಾನು. ಹಾಗಾಗಿ ಜಾಗ ಅವನದು, ಕೈ ನನ್ನದು ಎಂದಾಯಿತು. ಅಣ್ಣ ತಾನೆ, ಹೂಂ ಅಂದೆ.

ಹಲಗೆ ಹುಡುಕುವಷ್ಟರಲ್ಲಿ ಚಪ್ಪಲಿ ಸವೆದುಹೋಯಿತು. ಗಂಟಿರಬಾರದು, ಎಳೆ ನೇರವಾಗಿರಬೇಕು, ಒಣಗಿ ಪಳಗಿರಬೇಕು. ಮರದ ಡಿಪೋದವನು ಹಲಗೆ ತಿರುವಿ ಹಾಕಿ ಹಾಕಿ ಬೇಸತ್ತು, ಮಗಳಿಗೆ ಗಂಡು ಹುಡುಕುವಾಗಲೂ ತಾನು ಇಷ್ಟು ಕೊಂಕು ತೆಗೆದಿರಲಿಲ್ಲ ಎಂದ. ಎರಡು ತಿಂಗಳು ಅಲೆದು ಬರಿಗೈಯಲ್ಲಿ ಕೂತಿದ್ದಾಗ ಅಣ್ಣ ಒಂದು ಕಟ್ಟು ಹಲಗೆ ತಂದ. ಮುಚ್ಚಿಹೋದ ಶಾಲೆಯೊಂದರ ಬೆಂಚು ಬಿಚ್ಚಿದ್ದಂತೆ. ಬಣ್ಣ ಕೆರೆದು, ಅಂಚು ಕತ್ತರಿಸಿ, ಚೊಕ್ಕಟ ಮಾಡಿ ತಂದಿದ್ದ. ಮುಟ್ಟಿ ನೋಡಿದರೆ ಚಿನ್ನದಂಥ ಮರ. ನನಗೆ ಅಳುವೇ ಬಂತು. ಅಂಥ ಅಣ್ಣ ಯಾರಿಗುಂಟು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ತಿಂಗಳಿಗೊಂದು ಕಟ್ಟು ಬಂತು. ನಾನು ಅಳೆದೆ, ಕೊಯ್ದೆ, ಉಜ್ಜಿದೆ, ಬಾಗಿಸಿದೆ. ನನ್ನ ದೋಣಿಯನ್ನೊಮ್ಮೆ ನೋಡಿ ಬರೋಣ ಎಂದಾಗೆಲ್ಲ ಗೋದಾಮಿನ ಬೀಗದ ಕೈ ಇನ್ನಾರದೋ ಹತ್ತಿರ ಇರುತ್ತಿತ್ತು. ಅತ್ತಿಗೆ ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ನನ್ನ ಮೇಲೆ ಏನೋ ಸಿಟ್ಟಿರಬೇಕು ಅಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಉಳಿದದ್ದು ಕೊನೆಯ ಹಲಗೆ. ಬಾಗದೆ ಹಟ ಮಾಡಿತು ಎಂದು ಕುದಿಯುವ ನೀರನ್ನು ಎಂದಿಗಿಂತ ಹೆಚ್ಚೇ ಸುರಿದೆ. ಹಲಗೆಯಿಂದ ಮರದ ಬಣ್ಣದ ಪುಟ್ಟಿ ಚುಕ್ಕಿ ಚುಕ್ಕಿಯಾಗಿ ಮೇಲೆದ್ದು ಕರಗಿ ಹರಿಯಿತು. ಅದರಡಿ ಹಳೆಯ ಮೊಳೆಯ ತೂತುಗಳು ಸಾಲಾಗಿ ಕಂಡವು. ಬೆಂಚಿಗೂ ಮೊಳೆ ಇರುತ್ತದಲ್ಲ ಎಂದುಕೊಳ್ಳುತ್ತಲೇ, ಯಾಕೋ, ತೂತುಗಳ ನಡುವೆ ಬೆರಳಿಟ್ಟೆ.

ದೋಣಿ ಮಾಡುವವರು ನಾಲ್ಕು ಬೆರಳಿಗೊಂದು ಮೊಳೆ ಹೊಡೆಯುತ್ತಾರೆ. ಅಪ್ಪನ ಎಡಗೈಯ ಕಿರುಬೆರಳು ಗರಗಸಕ್ಕೆ ಹೋಗಿತ್ತು. ಅವನು ಕೈಯಿಟ್ಟು ಅಳೆದರೆ ಮೂರೇ ಬೆರಳು. ಕೊನೆಯವರೆಗೂ ಹಾಗೇ ಹೊಡೆದ, ಯಾರು ನಕ್ಕರೂ ಬದಲಾಯಿಸಲಿಲ್ಲ. ಈ ತೂತುಗಳ ನಡುವೆ ಮೂರು ಬೆರಳು ಸರಿಯಾಗಿ ಕೂತವು. ಯಾವ ಶಾಲೆಯವರು ಬೆಂಚಿಗೆ ಮೂರು ಬೆರಳಿಗೊಂದು ಮೊಳೆ ಹೊಡೆಸುತ್ತಾರೆ? ಒಂದು ತೂತನ್ನು ಸೂಜಿಯಿಂದ ಕೆದಕಿದೆ. ಸೂಜಿಯ ತುದಿಗೆ ಹಸಿರು ಬಣ್ಣ ಅಂಟಿತ್ತು.

ಅಣ್ಣ ಲಾರಿಯಡಿಯಿಂದ ಎದ್ದು ಬಂದ. ಹಲಗೆ ನೋಡಿದ, ನನ್ನನ್ನು ನೋಡಿದ, ಕೈಯ ಗ್ರೀಸು ಒರೆಸುತ್ತ ನಿಂತ. ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಎರಡೂ ಅರ್ಧರ್ಧ ಹೋಗಿದ್ವು. ಸೇರಿಸಿದ್ರೆ ಒಂದಾದ್ರೂ ಉಳಿಯುತ್ತೆ ಅಂತ ಮಾಡ್ದೆ," ಎಂದ. "ಕೇಳಿದ್ರೆ ನೀನು ಬಿಡ್ತಿದ್ಯಾ?"

"ಕೇಳಿದ್ರೆ ಕೊಡ್ತಿದ್ದೆ ಅಣ್ಣ," ಎಂದೆ. "ಕೇಳಲಿಲ್ಲ ನೀನು. ನನ್ನ ದೋಣೀನ ನನ್ನ ಕೈಯಿಂದಲೇ ಕೊಯ್ಸಿದೆ."

ಇಕ್ಕಳ ಹಿಡಿದು, ಹಿಂದಿನ ವಾರ ಕೂರಿಸಿದ್ದ ಹಲಗೆಯ ಮೊಳೆ ಕೀಳತೊಡಗಿದೆ. ನನ್ನದನ್ನೆಲ್ಲ ಬಿಚ್ಚಿ ಹೊತ್ತುಕೊಂಡು ಹೋಗುತ್ತೇನೆ, ಅವನ ದೋಣಿ ಬಾಯಿಬಿಟ್ಟುಕೊಂಡು ಬಿದ್ದಿರಲಿ ಎಂದಿತ್ತು ಮನಸ್ಸು. ನಾಲ್ಕನೆಯ ಮೊಳೆಗೆ ಹಲಗೆ ಹಳೆಯ ತೂತಿನ ಗುಂಟ ಚಟ್ಟನೆ ಸೀಳಿತು. ಒಮ್ಮೆ ಬಿಚ್ಚಿ ಹೊಡೆದ ತೆಳು ಮರ, ಎರಡನೆಯ ಸಲ ಬಿಚ್ಚಿದರೆ ಸೌದೆಯೇ ಗತಿ. ನನ್ನ ದೋಣಿ ಎಂಬುದು ಈಗ ಎಲ್ಲಾದರೂ ಇದ್ದರೆ ಅದು ಅವನ ದೋಣಿಯಲ್ಲೇ ಇತ್ತು. ಅದನ್ನು ಒಡೆಯಲು ನನ್ನಿಂದಾಗಲಿಲ್ಲ.

ಇಕ್ಕಳ ಕೆಳಗಿಟ್ಟೆ. ನೀರು ಕುಡಿದ ಕೊನೆಯ ಹಲಗೆ ತಣ್ಣಗಾಗುತ್ತಿತ್ತು. ಆರುವುದರೊಳಗೆ ಕೂರಿಸದಿದ್ದರೆ ಅದೂ ಹಾಳು. ಒಬ್ಬಳೇ ಕೂರಿಸೋಣವೆಂದರೆ ಅದು ಒಂಟಿ ಕೆಲಸವಲ್ಲ. ಹೊರಗಿನಿಂದ ಒಬ್ಬರು ಮೊಳೆ ಹೊಡೆಯುವಾಗ ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ಆಗಲೇ ಮೊಳೆಯ ತುದಿ ಮಡಚಿಕೊಂಡು ಮರವನ್ನು ಕಚ್ಚುವುದು.

"ಇದು ಇಬ್ಬರದೂ ಅಂತಲೇ ಇಟ್ಕೊಳೋಣ," ಎಂದ ಅಣ್ಣ, ಮೆಲ್ಲಗೆ.

"ಕಬ್ಬಿಣ ಹಿಡಿ," ಎಂದೆ.

ಅವನು ಬಗ್ಗಿ ಒಳಗಿನಿಂದ ಹಿಡಿದ. ನಾನು ಮೂರು ಬೆರಳಿಗೊಂದರಂತೆ ಕೊನೆಯ ಮೊಳೆಯವರೆಗೂ ಹೊಡೆದೆ. ಒಂದೂ ಸೊಟ್ಟಗಾಗಲಿಲ್ಲ. ಇದಾಗಿ ನಾಲ್ಕು ವರ್ಷವಾಯಿತು. ಅಣ್ಣನ ಜೊತೆ ನಾನು ಆಡಿದ ಕೊನೆಯ ಮಾತು ಅದೇ.