ಅಂಗಳ ಕೆತ್ತಿದ ಕೈ

ಹಳದಿ ಟ್ಯಾಕ್ಸಿಯೊಂದು ತಿರುವಿನಲ್ಲಿ ನಿಧಾನವಾಯಿತು, ಬಂದರು, ಬಂದೇಬಿಟ್ಟರು — ಅಲ್ಲ, ಮುಂದೆ ಹೋಯಿತು, ವಿಮಾನ ಇಳಿಯುವುದೇ ಹನ್ನೊಂದಕ್ಕೆ, ಪೆಟ್ಟಿಗೆ ಸಿಕ್ಕಿ ಸಾಲ್ಟ್ ಲೇಕ್ ತಲುಪಲು ಇನ್ನೂ ಅರ್ಧ ಗಂಟೆಯಾದರೂ ಬೇಕು, ಅರ್ಧ ಗಂಟೆಯಲ್ಲಿ ಹುಲ್ಲು ಹುಟ್ಟುತ್ತದೆಯೇ ಜಲಜಾಕ್ಷಿ, ಮೂರು ದಿನದಿಂದ ನೀರು ಸುರಿದೂ ಸುರಿದೂ ಬೋಳು ನೆಲ ಈಗ ಕೆಸರೂ ಆಗಿದೆ. ಮಹಡಿಯ ಮೇಲಿನ ಮಾಶಿಮಾ, ಈ ಮನೆಯ ಬಂಗಾಳಿ ಒಡತಿ, ಕೆಳಗೆ ಬಾಡಿಗೆಗಿರುವ ನನ್ನನ್ನು ಹನ್ನೆರಡು ವರ್ಷದಿಂದ ಮಗಳೇ ಎಂದವರು, ದುರ್ಗಾಪೂಜೆ ಮುಗಿಸಿ ಪುಣೆಗೆ ಸ್ವಂತ ಮಗಳ ಮನೆಗೆ ಹೊರಟಾಗ ನನಗೆ ಒಪ್ಪಿಸಿದ್ದು ಒಂದೇ ಕೆಲಸ, ನೋಡು ಜೊಲೊಜಾ, ಮಳೆ ಮುಗಿಯಿತು, ಹುಲ್ಲಿನ ಬುಡದಲ್ಲಿ ಒಣಗಿದ್ದೆಲ್ಲ ಜಡೆಗಟ್ಟಿ ಕೂತಿದೆ, ನೀರು ಗಾಳಿ ಕೆಳಗೆ ಇಳಿಯುವುದಿಲ್ಲ, ರೇಕ್ ಹಿಡಿದು ಮೆಲ್ಲಗೆ ಬಾಚು, ನಮ್ಮವರು, ನಿನ್ನ ಮೇಶೊಮೊಶಾಯ್, ಇದ್ದಾಗ ಪ್ರತಿ ವರ್ಷ ಬಾಚುತ್ತಿದ್ದರು, ಮಗುವಿನ ತಲೆ ಬಾಚಿದ ಹಾಗೆ. ಹಾಗೆಯೇ ಶುರು ಮಾಡಿದ್ದೆನಲ್ಲ, ರೇಕಿನ ಹಲ್ಲಿಗೆ ಕಂತೆ ಕಂತೆ ಒಣಹುಲ್ಲು ಬಂತು, ಪಾಚಿ ಬಂತು, ಎಷ್ಟು ಹಿತವಾಗಿತ್ತು, ಅಡಿಯಲ್ಲಿ ಇನ್ನೂ ಸ್ವಲ್ಪ ಇದೆ ಎನಿಸಿತು, ಇನ್ನೂ ಸ್ವಲ್ಪ — ದೀಪಾವಳಿ ಹತ್ತಿರ ಬಂತೆಂದರೆ ಉಡುಪಿಯ ಮನೆಯಲ್ಲಿ ಅಮ್ಮ ಗುದ್ದಲಿ ಹಿಡಿದು ಅಂಗಳ ಕೆತ್ತುತ್ತಿದ್ದಳು, ಮಳೆಗಾಲದ ಹುಲ್ಲು ಒಂದೆಳೆ ಉಳಿಯಬಾರದು, ಉಳಿದರೆ ಸೆಗಣಿ ಸಾರಿಸುವುದು ಹೇಗೆ, ತುಳಸಿ ಪೂಜೆಗೆ ಬಂದವರು ಏನೆಂದಾರು, ಬೇರು ಸಮೇತ ತೆಗಿ ಹೆಣ್ಣೇ, ಬೇರು ಸಮೇತ — ರೇಕ್ ಬಿಟ್ಟು ಗುದ್ದಲಿ ಹಿಡಿದದ್ದು ಯಾವಾಗ, ನೆನಪೇ ಇಲ್ಲ, ಈ ಕೈಗೆ ಅದೊಂದೇ ಗೊತ್ತು, ಸೊಂಟ ನೆಟ್ಟಗೆ ಮಾಡಿ ನೋಡಿದರೆ ಅಂಗಳ ಚೊಕ್ಕವಾಗಿತ್ತು, ಒಂದು ಕ್ಷಣ ಹೆಮ್ಮೆಯೂ ಆಯಿತು, ಥೂ, ಹೆಮ್ಮೆ! ಬ್ಯಾಂಕಿನಿಂದ ಬಂದ ಇವರು ಗೇಟಿನಲ್ಲೇ ನಿಂತುಬಿಟ್ಟರು, ಎಂಥ ಮಾರಾಯ್ತಿ ಇದು, ಬಾಚು ಅಂದ್ರೆ ಬೋಳಿಸುವುದಾ, ಇನ್ನು ಸೆಗಣಿ ಸಾರಿಸುವುದೊಂದು ಬಾಕಿ. ಮಗಳು ತೃಪ್ತಿಗೆ ನಗು, ಅಮ್ಮಾ ರಿಲ್ಯಾಕ್ಸ್, ಇಟ್ಸ್ ಜಸ್ಟ್ ಗ್ರಾಸ್.

ಜಸ್ಟ್ ಗ್ರಾಸ್ ಅಂತೆ, ಇವಳಿಗೇನು ಗೊತ್ತು, ಬೆಳಿಗ್ಗೆ ಎಂಟರವರೆಗೆ ಮಲಗುವವಳಿಗೆ — ಮೇಶೊಮೊಶಾಯ್ ತೀರಿಕೊಂಡ ಮೇಲೆ ಮಾಶಿಮಾ ದಿನಾ ಮೆಟ್ಟಿಲಿಳಿದು ಬರುತ್ತಾರೆ, ಹುಲ್ಲಿನಂಚಿನಲ್ಲಿ ಚಪ್ಪಲಿ ಬಿಡುತ್ತಾರೆ, ಬಲಗಾಲು ಮೊದಲು, ಬೆರಳು ಅಗಲಿಸಿ, ಮೆಲ್ಲಗೆ, ಇಟ್ಟವರೇ ಕಣ್ಣು ಮುಚ್ಚುತ್ತಾರೆ, ನಿನ್ನ ಮೇಶೊಮೊಶಾಯ್ ಕೂತು ಒಂದೊಂದೇ ಎಳೆ ನೆಟ್ಟದ್ದು ಜೊಲೊಜಾ, ಮನೆಯ ಒಳಗೆ ಅವರಿಲ್ಲ, ಇಲ್ಲಿದ್ದಾರೆ. ನರ್ಸರಿಯವನು ನಾಳೆ ಹೊಸ ಹುಲ್ಲು ತರುತ್ತಾನಂತೆ, ತರಲಿ, ಅದು ಅವರು ನೆಟ್ಟದ್ದಲ್ಲವಲ್ಲ, ಅವರು ನೆಟ್ಟದ್ದನ್ನು ನಾನೇ ಮೂಟೆ ಕಟ್ಟಿ ಕಸದ ಗಾಡಿಗೆ ಕೊಟ್ಟೆ, ಬೇರು ಸಮೇತ. ಇವರು ಬ್ಯಾಂಕಿನಿಂದಲೇ ಫೋನು ಮಾಡಿದ್ದರು, ಹುಳ ಬಿತ್ತು ಹೇಳಿಬಿಡು, ಅವರ ಕಣ್ಣಿಗೆ ಪೊರೆ ಬಂದಿದೆ, ಎಲ್ಲಿ ಕಾಣ್ತದೆ. ಹೌದು, ಹುಳ, ಮಳೆಗೆ ಹುಳ ಬಿತ್ತು ಮಾಶಿಮಾ, ನಾಲಿಗೆಯ ಮೇಲೆ ಹತ್ತು ಸಲ ಹೊರಳಿಸಿದ್ದೇನೆ, ಕಣ್ಣಿಗೆ ಹೇಳಬಹುದು, ಕಾಲಿಗೆ ಏನೆಂದು ಹೇಳಲಿ — ಬೆರಳು ಅಗಲಿಸಿ, ಮೆಲ್ಲಗೆ — ಮೊದಲೇ ಓಡಿಹೋಗಿ ಕೈ ಹಿಡಿದು ನೇರ ಮೆಟ್ಟಿಲಿಗೆ ಕರೆದೊಯ್ದರೆ, ಚಹಾ ಆರುತ್ತದೆ ಎಂದರೆ, ಇವತ್ತೊಂದು ದಿನ ತಪ್ಪಿದರೆ, ನಾಳೆ? ಗೇಟು ಕಿರುಗುಟ್ಟಿತು, ಟ್ಯಾಕ್ಸಿಯ ಸದ್ದು ಕೇಳಲೇ ಇಲ್ಲವಲ್ಲ, ಬಿಳಿ ಸೀರೆ, ಕೈಯಲ್ಲಿ ನನಗೆಂದೇ ತಂದ ಏನೋ ಪೊಟ್ಟಣ, ಎಷ್ಟು ಇಳಿದುಹೋಗಿದ್ದಾರೆ, ಜೊಲೊಜಾ, ಹುಲ್ಲು ಬಾಚಿದೆಯಾ ಮಾ? ಹುಳ ಎನ್ನಬೇಕಿತ್ತು, ಕೆತ್ತಿಬಿಟ್ಟೆ ಎನ್ನಬೇಕಿತ್ತು, ಕಾಲಿಗೆ ಬೀಳಬೇಕಿತ್ತು, ಹೂಂ ಎಂದುಬಿಟ್ಟೆ, ಅವರ ಮುಖ ಅರಳಿತು, ಮೆಟ್ಟಿಲ ಕಡೆ ಹೋಗಲೇ ಇಲ್ಲ, ಎಡಗೈ ಗೋಡೆಗೆ ಆನಿಸಿ ಚಪ್ಪಲಿ ಬಿಟ್ಟರು, ಬಲಗಾಲು ಮೊದಲು, ಬೆರಳು ಅಗಲಿಸಿ, ಆ ಪಾದ ಇಳಿಯುತ್ತಿದೆ, ಮೆಲ್ಲಗೆ, ಕೆಳಗೆ ಹುಲ್ಲು ಇದೆ ಎಂದೇ ನಂಬಿ, ಆ ಪಾದ